ಟೈಲ್ಸ್ ಹೊಸದು, ಮೆಟ್ಟಿಲು ಹಳೆಯದು

ನಮ್ಮ ಬೆಂಗಳೂರಿನಲ್ಲಿ ಹಳೆಯ ಸಾರ್ವಜನಿಕ ಈಜುಕೊಳದ ನವೀಕರಣವೆಂದರೆ ಬಹುಮಟ್ಟಿಗೆ ಟೈಲ್ಸ್ ಕಿತ್ತು ಟೈಲ್ಸ್ ಹಾಕುವ ಕೆಲಸ. ಸೋರಿಕೆ ಮುಚ್ಚುತ್ತಾರೆ, ಪಂಪು ಬದಲಾಗುತ್ತದೆ, ಬಾಗಿಲಿಗೆ ಹೊಸ ನಾಮಫಲಕ ಬರುತ್ತದೆ. ಇವು ಬೇಡವೆಂದಲ್ಲ. ಆದರೆ ಶ್ರೀಗಂಧದ ಕಾವಲಿನಿಂದ ಹೊರಟು, ವಿಜಯನಗರ ಮೆಟ್ರೋದ ಲಿಫ್ಟಿನಲ್ಲಿ ಸಲೀಸಾಗಿ ಏರಿಳಿಯುವ ವೀಲ್‌ಚೇರಿನವರು ಕೊಳದ ಬಾಗಿಲ ಮೂರು ಮೆಟ್ಟಿಲಿಗೆ ಸೋತು ನಿಲ್ಲುವಂತಿದ್ದರೆ ಅಷ್ಟು ಹಣ ಯಾರಿಗಾಗಿ ಸುರಿದದ್ದು ಎಂದು ಕೇಳಲೇಬೇಕು.

ಅಂಗವಿಕಲರಿಗೂ ಈಜಿಗೂ ಏನು ನಂಟು ಎನ್ನುವ ನೆಪ ಬೆಂಗಳೂರಿಗಿಲ್ಲ. ಇಲ್ಲಿನ ಶರತ್ ಗಾಯಕ್ವಾಡ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದರು, 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಿಂದ ಆರು ಪದಕ ತಂದರು. ಬೆನ್ನುಹುರಿಯ ಹುಟ್ಟುದೋಷವಿರುವ ನಿರಂಜನ್ ಮುಕುಂದನ್ ವೈದ್ಯರ ಸಲಹೆಯಂತೆ ನೀರಿಗಿಳಿದವರು, ಟೋಕಿಯೊ ಪ್ಯಾರಾಲಿಂಪಿಕ್ಸ್‌ವರೆಗೆ ಹೋದರು. ಪದಕ ಬಂದಾಗ ಹಾರ ಹಾಕುವುದು ಸುಲಭ. ಮಂಡಿನೋವಿಗೆ ನೀರೇ ಮದ್ದು ಎಂದು ಬರುವ ಅಜ್ಜಿಗೆ ಕೊಳದೊಳಗೆ ಇಳಿಯಲು ಒಂದು ಗಟ್ಟಿ ಕಂಬಿ ಹಾಕಿಸುವುದರಲ್ಲಿ ಹಾರವೂ ಇಲ್ಲ, ಫೋಟೋವೂ ಇಲ್ಲ.

ಕಾನೂನೇನೋ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೇ ಕಲಂ ಕ್ರೀಡಾ ಸೌಕರ್ಯಗಳ ಮರುವಿನ್ಯಾಸದ ಮಾತಾಡುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು 45ನೇ ಕಲಂ ನಿಯಮಗಳು ಬಂದಂದಿನಿಂದ ಐದು ವರ್ಷ ಕೊಟ್ಟಿತ್ತು. ನಿಯಮಗಳು ಬಂದದ್ದು 2017ರ ಜೂನಿನಲ್ಲಿ. ಗಡುವು ವಿಸ್ತರಿಸಲು ಅವಕಾಶವಿದ್ದರೂ ಲೆಕ್ಕದ ಪ್ರಕಾರ ಅದು 2022ಕ್ಕೇ ಮುಗಿಯಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ರಾಜೀವ್ ರತೂರಿ ಪ್ರಕರಣದಲ್ಲಿ, ಬರೀ ಸಲಹೆಯ ಧಾಟಿಯ 15ನೇ ನಿಯಮ ಸಾಲದೆಂದು ಹೇಳಿ, ಕಡ್ಡಾಯ ಮಾನದಂಡ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು.

ಎಂಜಿನಿಯರುಗಳ ಮೊದಲ ಉತ್ತರ ‘ರ‍್ಯಾಂಪ್ ಹಾಕೋಣ’ ಎಂಬುದು. ಬಾಗಿಲಿಗೆ ಸರಿ, ನೀರಿಗೆ ಅಷ್ಟು ಸುಲಭವಲ್ಲ. ಒಂದಕ್ಕೆ ಹನ್ನೆರಡರ ಇಳಿಜಾರಿನಲ್ಲಿ 75 ಸೆಂಟಿಮೀಟರ್ ಆಳ ಮುಟ್ಟಲು 9 ಮೀಟರ್ ಉದ್ದ ಬೇಕು. 25 ಮೀಟರಿನ ಹಳೆಯ ಕೊಳದಲ್ಲಿ ಅದು ಒಂದು ಲೇನನ್ನೇ ನುಂಗೀತು. ಅಂಥ ಕಡೆ ಕುರ್ಚಿಸಮೇತ ನೀರಿಗಿಳಿಸುವ ಲಿಫ್ಟ್, ಜೊತೆಗೆ ಎರಡೂ ಬದಿ ಕಂಬಿಯಿರುವ ಅಗಲದ ಮೆಟ್ಟಿಲು, ಇವೇ ವಾಸಿ. ಅಮೆರಿಕದ 2010ರ ಮಾನದಂಡವೂ ಒಂದೇ ದಾರಿಗೆ ತೃಪ್ತವಲ್ಲ. ಸುತ್ತಳತೆ 300 ಅಡಿ ಅಥವಾ ಅದಕ್ಕಿಂತ ಹೆಚ್ಚಿರುವ ಕೊಳಕ್ಕೆ ನೀರಿಗಿಳಿಯಲು ಎರಡು ದಾರಿ ಬೇಕು, ಅದರಲ್ಲೊಂದು ಲಿಫ್ಟ್ ಇಲ್ಲವೇ ಇಳಿಜಾರು ಆಗಿರಬೇಕು ಎನ್ನುತ್ತದೆ.

ಆದರೆ ಲಿಫ್ಟು ಸರಪಳಿಯ ಕೊನೆಯ ಕೊಂಡಿ. ಅದಕ್ಕೂ ಮೊದಲು ಟಿಕೆಟ್ ಕೌಂಟರಿನ ಎತ್ತರ, ಬಟ್ಟೆ ಬದಲಿಸುವ ಕೋಣೆಯ ಬಾಗಿಲಗಲ, ವೀಲ್‌ಚೇರ್ ತಿರುಗುವಷ್ಟು ಶೌಚಾಲಯ, ಕೂತು ಮೀಯುವ ಶವರ್ ಇವೆ. ಒಂದು ತಪ್ಪಿದರೂ ಉಳಿದದ್ದೆಲ್ಲ ದಂಡ. ಆ ಹೊಸ ಟೈಲ್ಸನ್ನೇ ನೋಡಿ: ಪಳಪಳನೆ ಹೊಳೆಯುವುದನ್ನೇ ಅಂದವೆಂದು ಆರಿಸಿದರೆ ಒದ್ದೆಯಲ್ಲಿ ಕೋಲೂರಿ ನಡೆಯುವವರಿಗೆ ಹಳೆಯ ಒರಟು ನೆಲವೇ ಮೇಲಿತ್ತು ಅನಿಸುತ್ತದೆ.

ನನ್ನ ದೊಡ್ಡ ತಕರಾರು ಸಿಮೆಂಟಿನದಲ್ಲ, ಗಡಿಯಾರದ್ದು. ಒಂದು ಗಂಟೆಯ ಬ್ಯಾಚಿನಲ್ಲಿ ಬಟ್ಟೆ ಬದಲಿಸಲು, ಕುರ್ಚಿಯಿಂದ ಕುರ್ಚಿಗೆ ದಾಟಲು ಅರ್ಧ ಹೊತ್ತು ಹೋಗುವವರಿಗೆ ಎಷ್ಟು ಈಜು ಉಳಿಯಿತು? ಪೂರ್ತಿ ಶುಲ್ಕ ತೆತ್ತು ಅರ್ಧ ಈಜು! ಬ್ಯಾಚಿನ ಹೊತ್ತನ್ನು ನೀರಿಗಿಳಿದ ಮೇಲೆ ಎಣಿಸುವುದಕ್ಕೆ ಟೆಂಡರೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಸಹಾಯಕ್ಕೆ ಬಂದ ಅಮ್ಮನಿಂದಲೋ ಅಣ್ಣನಿಂದಲೋ ಇನ್ನೊಂದು ಟಿಕೆಟಿನ ದುಡ್ಡು ವಸೂಲು ಮಾಡದಿರುವುದೂ ಅಷ್ಟೇ ಸುಲಭ.

ಲಿಫ್ಟ್ ತಂದಮೇಲೆ ಅದರ ಬ್ಯಾಟರಿ ಚಾರ್ಜಿನಲ್ಲಿಡುವವರು ಯಾರು, ಕೀಲಿ ಯಾರ ಜೇಬಿನಲ್ಲಿ, ನಡೆಸಲು ಕಲಿತ ಲೈಫ್‌ಗಾರ್ಡ್ ಪ್ರತಿ ಬ್ಯಾಚಿನಲ್ಲೂ ಇದ್ದಾರೆಯೇ ಎಂಬುದು ನಿರ್ವಹಣೆಯ ಗುತ್ತಿಗೆಯಲ್ಲೇ ಬರೆದಿರಬೇಕು. ಉದ್ಘಾಟನೆಯ ಮಾರನೇ ದಿನ ಅದು ಸ್ಟೋರ್‌ರೂಮು ಸೇರಿದರೆ ಗುತ್ತಿಗೆದಾರರ ಬಿಲ್ಲಿನಲ್ಲಿ ಕಡಿತ ಮಾಡುವ ಷರತ್ತೂ ಅದರಲ್ಲೇ ಇರಲಿ.