ಮಿದುಳಿನ ತೋಡು, ಮಂಜಿನ ತೋಡು

ಗೀರು, ತೋಡು, ಮಡಿಕೆಗಳನ್ನು ನೋಡುವ ಗೀಳು ಹತ್ತಿದವರಿಗೆ ‘ಧರಣಿ’ಗಿಂತ ದೊಡ್ಡ ಔತಣ ಬೇರೆ ಬೇಕಿಲ್ಲ. ಭ್ರೂಣದ ಮಿದುಳಿನ ಈ ನಕಾಶೆಯನ್ನು 2024ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ್ದು ಚೆನ್ನೈನ ಐಐಟಿ ಮದ್ರಾಸ್‌ನಲ್ಲಿರುವ ಸುಧಾ ಗೋಪಾಲಕೃಷ್ಣನ್ ಮಿದುಳು ಕೇಂದ್ರ. ಒಟ್ಟು 5,132 ಸೀಳುಗಳ ಚಿತ್ರ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು.

14 ವಾರದ ಮಿದುಳು ಬಹುಪಾಲು ನುಣುಪು. ಬಣ್ಣ ಹಾಕಿದ ಸೀಳಿನಲ್ಲಿ ಜೀವಕೋಶಗಳು ಒತ್ತೊತ್ತಾಗಿ ಕೂತ ಗಾಢ ಪಟ್ಟಿಯೊಂದು ಅಂಚಿನುದ್ದಕ್ಕೂ ಸಾಗುತ್ತದೆ. 24ನೇ ವಾರದ ಹೊತ್ತಿಗೆ ಪಕ್ಕದಲ್ಲಿ ಸಿಲ್ವಿಯನ್ ತಗ್ಗು ಸ್ಪಷ್ಟ. ಸುರುಳಿಗಳ ದೊಡ್ಡ ಸಂತೆ ನೆರೆಯುವುದು ಆಮೇಲೆ, ಕೊನೆಯ ಮೂರು ತಿಂಗಳಲ್ಲಿ. ಬೆಳೆದವರ ಮಿದುಳಿನ ತೊಗಟೆಯಲ್ಲಿ ಸುಮಾರು ಮೂರನೇ ಎರಡು ಪಾಲು ತೋಡುಗಳ ಒಳಗೇ ಅಡಗಿರುತ್ತದೆ.

ಮಡಿಕೆ ಬೀಳುವ ಬಗೆಯನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರಲ್ಲಿ ಇದೇ ಐಐಟಿಯಲ್ಲಿ ಓದಿದ ಎಲ್. ಮಹಾದೇವನ್ ಒಬ್ಬರು. ಹಾರ್ವರ್ಡ್‌ನ ಅವರೂ ಸಂಗಡಿಗರೂ ಭ್ರೂಣದ ಎಂಆರ್‌ಐ ಚಿತ್ರ ಆಧರಿಸಿ ಜೆಲ್‌ನಲ್ಲಿ ನುಣುಪು ಮಿದುಳು ಮಾಡಿ, ಮೇಲೊಂದು ತೆಳು ಪದರ ಕೊಟ್ಟು ದ್ರಾವಕದಲ್ಲಿ ಮುಳುಗಿಸಿದರು. ಮೇಲ್ಪದರ ಉಬ್ಬಿತು, ಒಳಗಿನದು ಅದರ ಸಮಕ್ಕೆ ಬರಲಿಲ್ಲ. ಇಕ್ಕಟ್ಟಿನಲ್ಲಿ ಸಿಕ್ಕಿದ ಮೇಲ್ಪದರ ಒಳಕ್ಕೆ ಮಡಚಿಕೊಂಡಿತು. ನಿಜವಾದ ಮಿದುಳಿನದನ್ನು ಹೋಲುವ ತೋಡುಗಳು ಮೂಡಿದವು. 2016ರಲ್ಲಿ ‘ನೇಚರ್ ಫಿಸಿಕ್ಸ್’ನಲ್ಲಿ ಬಂದ ಈ ಕೆಲಸ ನನಗೆ ಇಂದಿಗೂ ಅಚ್ಚುಮೆಚ್ಚು.

ಖಗೋಳದವರೂ ತೋಡುಗಳ ಸಾಲಿಗೆ ಮಿದುಳಿನವರಂತೆ ‘ಸಲ್ಕಸ್’ ಎಂದೇ ಹೆಸರಿಡುತ್ತಾರೆ. ಗುರುಗ್ರಹದ ಚಂದ್ರ ಗ್ಯಾನಿಮೀಡ್‌ನ ಉರುಕ್ ಸಲ್ಕಸ್ ಅಂಥದ್ದು. 1996ರಲ್ಲಿ ಗೆಲಿಲಿಯೊ ನೌಕೆ ತೆಗೆದ ಚಿತ್ರದಲ್ಲಿ ಮಂಜಿನ ನೆಲ ನೇಗಿಲು ಹೊಡೆದ ಹೊಲದಂತೆ ಸಾಲುಸಾಲಾಗಿದೆ. ನೋಟ ಒಂದೇ ಎಂದು ಮರುಳಾಗಬೇಡಿ. ಅಲ್ಲಿ ಹೊರಚಿಪ್ಪು ಹಿಗ್ಗಿ, ಬಿರಿದು, ಹೋಳುಗಳು ಜಾರಿದ್ದರಿಂದ ತೋಡು. ಮಿದುಳಿನಲ್ಲಿ ಮೇಲ್ಪದರ ಒಳಗಿನದಕ್ಕಿಂತ ಹೆಚ್ಚು ಬೆಳೆದು ಇಕ್ಕಟ್ಟಿಗೆ ಸಿಕ್ಕಿದ್ದರಿಂದ. ಶನಿಯ ಚಂದ್ರ ಎನ್ಸೆಲಾಡಸ್‌ನ ದಕ್ಷಿಣ ಧ್ರುವದಲ್ಲಿ ಬಾಗ್ದಾದ್, ಡಮಾಸ್ಕಸ್ ಹೆಸರಿನ ತೋಡುಗಳಿವೆ. ಅವು ಇಂದಿಗೂ ಬಾಯಿ ಬಿಟ್ಟುಕೊಂಡು ನೀರಾವಿ, ಮಂಜಿನ ಕಣಗಳನ್ನು ಚಿಮ್ಮುತ್ತಿವೆ.

ಹೀಗಾಗಿ ಯಾವ ತೋಡು ಕಂಡರೂ ಎಳೆತದ್ದೋ ಒತ್ತಡದ್ದೋ ಎಂದು ಮೊದಲು ಕೇಳಿ. ‘ಧರಣಿ’ ತೆರೆಯುವವರು ನೇರ 24ನೇ ವಾರಕ್ಕೆ ಹಾರದೆ 14ರಿಂದ ಹೊರಡಿ. ಅಂಚಿನ ಆ ಗಾಢ ಪಟ್ಟಿಯನ್ನೇ ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ.