ಪ್ರಾಚೀನ ಗೋವೈದ್ಯದ ವಿಮರ್ಶೆ: ಮೂತ್ರರೋಗಗಳ ನಿದರ್ಶನ

ಕನ್ನಡದಲ್ಲಿ ಪಶುವೈದ್ಯಕ್ಕೆ ಹಳೆಯ ಪರಂಪರೆಯಿದೆ. 2ನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ (ಕ್ರಿ.ಶ. 1025) ದನಕರುಗಳ ಚಿಕಿತ್ಸೆಗೂ ಎಡೆಯುಂಟು. ಚಾಲುಕ್ಯ 6ನೆಯ ವಿಕ್ರಮಾದಿತ್ಯನ (1076–1126) ಸೋದರನಾದ ಕೀರ್ತಿವರ್ಮನ ‘ಗೋವೈದ್ಯ’ವಂತೂ ಈ ವಿಷಯಕ್ಕೇ ಮೀಸಲಾದ ಕೃತಿ. ಸಾಹಿತ್ಯಚರಿತ್ರಕಾರರು ಇದನ್ನು ಔಷಧ–ಮಂತ್ರಗಳ ಮಿಶ್ರಣವೆಂದು ಒಂದೆರಡು ವಾಕ್ಯಗಳಲ್ಲಿ ಮುಗಿಸುವುದು ವಾಡಿಕೆ. ಅಭಿಮಾನಿಗಳಾದರೋ ಪೂರ್ವಿಕರಿಗೆ ತಿಳಿಯದುದೇ ಇರಲಿಲ್ಲವೆನ್ನುತ್ತಾರೆ. ಈ ಎರಡು ನಿಲುವುಗಳಲ್ಲಿಯೂ ಪರೀಕ್ಷೆಯ ಅಭಾವವಿದೆ. ಮೂತ್ರಮಾರ್ಗದ ರೋಗಗಳನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು.

ಎತ್ತಿಗೆ ಗಂಜಳ ಕಟ್ಟುವುದು ರೈತನಿಗೆ ಪರಿಚಿತವಾದ ಸಂಕಟ. ಗಂಡು ದನದ ಮೂತ್ರನಾಳವು ಉದ್ದವೂ ಕಿರಿದೂ ಆಗಿದ್ದು, ನಡುವೆ ಎರಡು ಬಾರಿ ಬಾಗುತ್ತದೆ. ಕಲ್ಲು ಬಹುಮಟ್ಟಿಗೆ ಆ ಬಾಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆಯದರಲ್ಲೇ ಬೀಜ ಒಡೆದರೆ ನಾಳ ಇನ್ನೂ ಕಿರಿದಾಗಿ ಉಳಿಯುತ್ತದೆ. ಹಸುವಿನ ನಾಳವು ಗಿಡ್ಡವೂ ಅಗಲವೂ ಆದುದರಿಂದ ಅಲ್ಲಿ ತಡೆ ಅಪೂರ್ವ. ತಡೆ ತೆರವಾಗದಿದ್ದರೆ ಮೂತ್ರಕೋಶವೋ ನಾಳವೋ ಒಡೆದು ಪ್ರಾಣಿ ಸಾಯುತ್ತದೆ. ಆದರೆ ‘ಮೂತ್ರಾಘಾತ’ವೆಂಬುದು ಲಕ್ಷಣದ ಹೆಸರು, ‘ಅಶ್ಮರಿ’ಯೆಂಬುದು ಕಾರಣದ ಹೆಸರು. ಎರಡನ್ನೂ ಕಲ್ಲಿನ ರೋಗವೆಂದೇ ಅನುವಾದಿಸುವವನು ಗ್ರಂಥಕರ್ತನು ಹೇಳದುದನ್ನು ಅವನ ಬಾಯಲ್ಲಿ ಹೇಳಿಸಿದಂತಾಗುತ್ತದೆ.

ಕೆಂಪು ಗಂಜಳದ ವಿಷಯ ಇನ್ನೂ ಸೂಕ್ಷ್ಮವಾದುದು. ಬ್ರ್ಯಾಕನ್ ಎಂಬ ಜರೀಗಿಡವನ್ನು ಬಹುಕಾಲ ಮೇದ ದನಗಳಲ್ಲಿ ಮೂತ್ರಕೋಶದಲ್ಲಿಯೇ ಗಂಟುಗಳೆದ್ದು ರಕ್ತ ಸೋರುತ್ತದೆ. ಉಣ್ಣೆಯಿಂದ ಹರಡುವ ಜ್ವರದಲ್ಲಾದರೆ ರಕ್ತಕಣಗಳು ಮೈಯೊಳಗೇ ಒಡೆದು ಅವುಗಳ ಬಣ್ಣ ಮೂತ್ರಕ್ಕಿಳಿಯುತ್ತದೆ. ಈ ಜ್ವರದ ಜೀವಾಣುವನ್ನು ಬಾಬೆಷ್ 1888ರಲ್ಲಿ ಕಂಡನು. ಉಣ್ಣೆಯ ಪಾತ್ರವನ್ನು ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ಪ್ರಕಟಪಡಿಸಿದರು. ಆದುದರಿಂದ ಈ ಕಾರಣಜ್ಞಾನವನ್ನು 12ನೆಯ ಶತಮಾನದವನಲ್ಲಿ ಹುಡುಕುವುದೂ ತಪ್ಪು, ಅದಿಲ್ಲವೆಂದು ಹಳಿಯುವುದೂ ತಪ್ಪು. ಆದರೆ ಗಂಜಳವನ್ನು ಪಾತ್ರೆಯಲ್ಲಿ ನಿಲ್ಲಿಸಿದರೆ ಮೊದಲನೆಯದರಲ್ಲಿ ಕೆಂಪು ತಳಕ್ಕಿಳಿಯುತ್ತದೆ, ಎರಡನೆಯದರಲ್ಲಿ ಇಳಿಯುವುದಿಲ್ಲ. ಇದನ್ನು ಕಾಣಲು ಸೂಕ್ಷ್ಮದರ್ಶಕ ಬೇಕಿಲ್ಲ. ಇಂತಹ ಅವಲೋಕನ ಗ್ರಂಥದಲ್ಲಿದೆಯೆ ಎಂಬುದೇ ವಿಮರ್ಶಕನು ಕೇಳಬೇಕಾದ ಪ್ರಶ್ನೆ.

ಮಂತ್ರಭಾಗವನ್ನೂ ಇದೇ ರೀತಿಯಲ್ಲಿ ನೋಡಬೇಕು. ನಾಳ ಪೂರ್ತಿ ಕಟ್ಟಿದಾಗ ಕಷಾಯದಿಂದ ಫಲವಿಲ್ಲ. ಇಂದಿಗೂ ಶಸ್ತ್ರವೇ ಗತಿ. ಯಾವ ವ್ಯಾಧಿಗೆ ಮಂತ್ರ, ಯಾವುದಕ್ಕೆ ಮೂಲಿಕೆ ಎಂದು ಪಟ್ಟಿಮಾಡಿದರೆ, ಅಂದಿನ ವೈದ್ಯದ ಶಕ್ತಿ ಎಲ್ಲಿ ಮುಗಿಯುತ್ತಿತ್ತೆಂಬುದು ಹೊಳೆಯಬಹುದು.

ಉಳುವ ಎತ್ತು ಸತ್ತರೆ ಆ ಮನೆಯ ಬೇಸಾಯವೇ ನಿಲ್ಲುತ್ತಿದ್ದ ಕಾಲದಲ್ಲಿ ಹುಟ್ಟಿದ ಶಾಸ್ತ್ರವಿದು. ಶಾಸನಗಳಲ್ಲಿ ದೊರೆಯದ ರೈತನ ಬದುಕಿಗೆ ಇಂತಹ ಗ್ರಂಥಗಳೇ ಸಾಕ್ಷಿ. ಚರಿತ್ರೆಯ ವಿದ್ಯಾರ್ಥಿಗಳು ಇವನ್ನು ಪಶುವೈದ್ಯರ ಜೊತೆಯಲ್ಲಿ ಕುಳಿತು ಓದುವುದು ಅವಶ್ಯಕ.