ಭೂರ್ಜದ ನಿಧಾನ

ಗಂಗೋತ್ರಿಯಿಂದ ಗೋಮುಖದ ದಾರಿ ಹಿಡಿದವರು ಚೀರ್‌ಬಾಸಾದ ಪೈನ್ ಮರಗಳನ್ನು ಮೆಚ್ಚಿಕೊಳ್ಳುತ್ತಾರೆ. ಮೆಚ್ಚಲಿ, ನನ್ನ ತಕರಾರಿಲ್ಲ. ನನ್ನ ಮನಸ್ಸು ಕಾಯುವುದು ಮಾತ್ರ ಇನ್ನೂ ಮೇಲಿನ ಭೂರ್ಜಕ್ಕೆ. ಹಿಮಾಲಯದಲ್ಲಿ ಮೂರು ಸಾವಿರ ಮೀಟರಿನಿಂದಾಚೆ, ಉಳಿದ ಮರಗಳೆಲ್ಲ ಒಂದೊಂದಾಗಿ ಹಿಂದೆ ಸರಿದ ಮೇಲೂ ಇದು ನಿಂತಿರುತ್ತದೆ.

ಮೊದಲು ತೊಗಟೆಯನ್ನು ಮುಟ್ಟಬೇಕು. ದೂರದಿಂದ ಬಿಳಿ, ಹತ್ತಿರ ಹೋದಂತೆ ಕೆನೆಬಣ್ಣ, ಮಾಸಲು ಗುಲಾಬಿ, ಎಳೆತಾಮ್ರ. ಮೇಲೆಲ್ಲ ಅಡ್ಡಡ್ಡ ಸಣ್ಣ ಗೆರೆಗಳು. ಮರ ಉಸಿರಾಡುವ ರಂಧ್ರಗಳು ಅವೇ. ಒಳಗೆ ಚಿರೋಟಿಯ ಎಸಳಿನ ಹಾಗೆ ಒಂದರಡಿ ಒಂದು ಪದರ. ಗಾಳಿಗೆ ತಾನಾಗಿ ಬಿಟ್ಟುಬಿದ್ದ ಚೂರೊಂದನ್ನು ಬಿಸಿಲಿಗೆ ಹಿಡಿಯಿರಿ (ದಯವಿಟ್ಟು ಮರದಿಂದ ಸುಲಿಯಬೇಡಿ): ನವಿರು, ತುಸು ಜಿಡ್ಡು, ಬೆಳಕು ಸೋಸುವಷ್ಟು ತೆಳುವು. ಕಾಳಿದಾಸ ತನ್ನ ಕುಮಾರಸಂಭವದಲ್ಲಿ ವಿದ್ಯಾಧರ ಸ್ತ್ರೀಯರ ಪ್ರೇಮಪತ್ರಕ್ಕೆ ಇದನ್ನೇ ಆರಿಸಿದ. ರಸಿಕನ ಆಯ್ಕೆ! ಗಾಂಧಾರದ ಬೌದ್ಧ ಸುರುಳಿಗಳು ಸುಮಾರು ಎರಡು ಸಾವಿರ ವರ್ಷ ಉಳಿದು ಬಂದದ್ದೂ, 1881ರಲ್ಲಿ ಸಿಕ್ಕ ಬಕ್ಷಾಲಿ ಹಸ್ತಪ್ರತಿಯ ಗಣಿತ ನಮಗೆ ದಕ್ಕಿದ್ದೂ ಈ ತೊಗಟೆಯ ಮೇಲೆಯೇ.

ಆದರೆ ನಿಜವಾದ ಕುಸುರಿ ಇರುವುದು ತೊಗಟೆಯ ಒಳಗೆ. ಹಿಮ ಕರಗುವುದು ಮೇ, ಜೂನ್ ಹೊತ್ತಿಗೆ. ಸೆಪ್ಟೆಂಬರ್ ಮುಗಿಯುವಾಗ ಎಲೆ ಹಳದಿ. ಚಿಗುರು, ಬೀಜ, ಕಾಂಡದ ಬೆಳವಣಿಗೆ, ಎಲ್ಲವೂ ಆ ಕೆಲವೇ ತಿಂಗಳಲ್ಲಿ ಆಗಬೇಕು. ಹಾಗಾಗಿ ವರ್ಷದ ಉಂಗುರ ಎಷ್ಟೋ ಸಲ ಒಂದು ಮಿಲಿಮೀಟರೂ ಇರುವುದಿಲ್ಲ. ಕೂದಲೆಳೆಯಂಥ ಸಾಲುಗಳು, ಒಂದಕ್ಕೊಂದು ಒತ್ತಿಕೊಂಡು, ಸಾವಧಾನವಾಗಿ, ಶತಮಾನಗಳ ಉದ್ದಕ್ಕೂ. ಚಳಿಯೇ ಇದಕ್ಕೆ ಕಾರಣ ಎಂದುಕೊಳ್ಳುವುದು ಸಹಜ. ನೇಪಾಳದ ಎತ್ತರದ ಭೂರ್ಜಗಳ ಉಂಗುರಗಳು ಹೇಳುವ ಕಥೆ ಇನ್ನೂ ಸೊಗಸು: ಮುಂಗಾರಿಗೆ ಮೊದಲಿನ ವಸಂತ ಒಣಗಿದರೆ ಉಂಗುರ ಸಣಕಲು, ತೇವವಿದ್ದರೆ ತುಂಬಿದ್ದು. ತೀರಾ ಬರದ ವರ್ಷ ಕೆಲವು ಮರಗಳಲ್ಲಿ ಉಂಗುರವೇ ಮೂಡುವುದಿಲ್ಲ.

ನಾಟಾ ಲೆಕ್ಕದವರು ಇದನ್ನು ಕಡಿಮೆ ಇಳುವರಿ ಎನ್ನುತ್ತಾರೆ. ಅವರ ಕಣ್ಣು ಘನಮೀಟರಿನ ಮೇಲೆ. ಉದುರುವ ಮುನ್ನ ಎಲೆಯೊಳಗಿನ ಸಾರಜನಕವನ್ನು ಬಹುಪಾಲು ರೆಂಬೆಗೆ ಹಿಂದಕ್ಕೆಳೆದುಕೊಳ್ಳುವ ಆ ಜಾಣ ಗೃಹಿಣಿತನಕ್ಕೆ, ಹಿಮದ ಭಾರಕ್ಕೆ ಇಳಿಜಾರಿನತ್ತ ಬಾಗಿ ಮತ್ತೆ ಮೇಲೆದ್ದ ಬುಡದ ಆ ಕೊಂಕಿಗೆ ಅವರ ಲೆಕ್ಕದಲ್ಲಿ ಕಾಲಮ್ಮೇ ಇಲ್ಲ.

ಗೋಮುಖದ ಅದೇ ದಾರಿಯಲ್ಲಿ, ಉರುವಲಿಗೆ ಕಡಿದು ಬೋಳಾಗಿದ್ದ ಭೋಜ್‌ಬಾಸಾದಲ್ಲಿ ಪರ್ವತಾರೋಹಿ ಹರ್ಷವಂತಿ ಬಿಷ್ಟ್ ಭೂರ್ಜದ ಸಸಿ ನೆಟ್ಟು ಸಾಕಿದರು. ಅಲ್ಲಿಗೆ ಹೋದರೆ ಅವನ್ನೂ ನೋಡಿ. ಎಳೆಯ ಭೂರ್ಜದ ಕಾಂಡಕ್ಕೆ ಬಿಳುಪು ಬಂದಿರುವುದಿಲ್ಲ. ಅದು ಕೆಂಗಂದು, ನುಣುಪು, ಅದರ ಚೆಲುವೇ ಬೇರೆ.